ಕಾರು ಕುದಿಯುವ ಜಾಗ

ನಮ್ಮ ಬಚ್ಚಲುಮನೆಯ ಅಟ್ಟದ ಮೇಲೆ ಐದು ಲೀಟರಿನ ಒಂದು ಕ್ಯಾನ್ ಇದೆ. ಅದರ ತುಂಬ ಹಸಿರು ನೀರು. ಎಲೆಯ ಹಸಿರಲ್ಲ, ಪಾಚಿಯದ್ದೂ ಅಲ್ಲ, ಬೇಸಿಗೆಯಲ್ಲಿ ತಳ್ಳುಗಾಡಿಯವನು ಮಾರುವ ಐಸ್‌ಕ್ಯಾಂಡಿಯ ಹಸಿರು. ಕಾರಿನ ಇಂಜಿನ್ ತಣ್ಣಗಿರಲಿ ಎಂದು ರೇಡಿಯೇಟರಿಗೆ ಹಾಕುವ ಔಷಧ ಅದು. ಕೂಲೆಂಟ್ ಅನ್ನುತ್ತಾರೆ. ವಿಷವಾದ್ದರಿಂದ ಮೋರಿಗೆ ಸುರಿಯುವ ಹಾಗಿಲ್ಲ. ಮಣ್ಣಿಗೂ ಚೆಲ್ಲುವ ಹಾಗಿಲ್ಲ, ಸಿಹಿ ಅಂತ ಬೀದಿನಾಯಿ ನೆಕ್ಕಿ ಸಾಯುತ್ತದೆ. ಕಾರಿಗೇ ಹಾಕೋಣ ಅಂದರೆ ಈಗ ನಮ್ಮಲ್ಲಿ ಕಾರಿಲ್ಲ. ಹೀಗಾಗಿ ಅದು ಅಲ್ಲೇ ಕೂತಿದೆ. ಸ್ನಾನಕ್ಕೆ ಹೋದಾಗಲೆಲ್ಲ ನೋಡಬಾರದು ಅಂದುಕೊಂಡೇ ಹೋಗುತ್ತೇನೆ, ನೋಡುತ್ತೇನೆ. ಮೈಮೇಲೆ ನೀರು ಹಾಕಿಕೊಂಡು ನಿಂತವಳಿಗೆ ಬೇರೆ ನೋಡಲಿಕ್ಕೆ ಅಲ್ಲಿ ಏನಿದೆ ಹೇಳಿ.

ನಾನು ಓದಿದ್ದು ಮೂರನೇ ಕ್ಲಾಸು. ಹರಿಹರದಲ್ಲಿ, ಹೊಳೆಯಿಂದ ಎರಡು ಓಣಿ ಈಚೆಗೆ. ಮೇಷ್ಟ್ರು ಅರ್ಧ, ಕಾಲು ಅಂತ ಬೋರ್ಡಿನ ಮೇಲೆ ರೊಟ್ಟಿ ಬರೆದು ಕೊಯ್ಯಲು ಶುರು ಮಾಡಿದ ವರ್ಷವೇ ನಮ್ಮವ್ವ ನನ್ನ ತಲೆಯ ಮೇಲೆ ಕೊಡ ಇಟ್ಟಳು. ಆಮೇಲಿನ ಲೆಕ್ಕವನ್ನೆಲ್ಲ ನಾನು ಕಲಿತದ್ದು ಪಾವಿನಲ್ಲಿ, ಕೊಡದಲ್ಲಿ. ಮಜ್ಜಿಗೆಗೆ ನೀರು ಎಷ್ಟು ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಹಾಲಿನವನು ಎಷ್ಟು ಬೆರೆಸಿದ್ದಾನೆ ಅಂತ ಬೆರಳು ಅದ್ದಿ ಹೇಳಬಲ್ಲೆ. ಇಷ್ಟು ಬುದ್ಧಿವಂತೆ ಅನ್ನುವ ಸೊಕ್ಕು ಇತ್ತಲ್ಲ, ಅದಕ್ಕೇ ನಾನು ಕೆಟ್ಟಿದ್ದು ಅಂತ ಈಗ ಅನ್ನಿಸುತ್ತದೆ.

ನನ್ನನ್ನು ಕೊಟ್ಟದ್ದು ದಾವಣಗೆರೆಗೆ, ವಿನೋಬನಗರದ ಈ ಮನೆಗೆ. ಹರಿಹರಕ್ಕೂ ಇಲ್ಲಿಗೂ ಬಸ್ಸಿನಲ್ಲಿ ಅರ್ಧ ತಾಸು, ಆದರೆ ನೀರು ಮಾತ್ರ ಬೇರೆ ದೇಶದ್ದು. ಅಲ್ಲಿ ಹೊಳೆಯ ಸಿಹಿನೀರು, ಇಲ್ಲಿ ಬೋರಿನ ಗಡುಸು ನೀರು. ಬೇಳೆ ಬೇಯುತ್ತಿರಲಿಲ್ಲ, ತಲೆಗೆ ಹಾಕಿದ ಸೀಗೆಪುಡಿ ಹೋಗುತ್ತಿರಲಿಲ್ಲ, ಹಂಡೆಯ ಒಳಗೆ ತಿಂಗಳಿಗೊಮ್ಮೆ ಸುಣ್ಣ ಬಳಿದ ಹಾಗೆ ಬಿಳಿ ಹೊಪ್ಪಳೆ ಕಟ್ಟುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆರಳು ಬಿರಿಯುತ್ತಿದ್ದವು. ನಮ್ಮತ್ತೆ ಒಲೆಯ ಮುಂದೆ ಕೂತು ಅನ್ನುತ್ತಿದ್ದರು: "ನಿನ್ನ ತವರಿನ ಹೊಳೇನೂ ಸೆರಗಿನಾಗೆ ಕಟ್ಕಂಡು ಬಂದಿದ್ರೆ ಇಷ್ಟೊತ್ತಿಗೆ ಬೇಳೆ ಬೇಯ್ತಿತ್ತು ನೋಡು." ಅವರೂ ಹೋದರು, ನನ್ನ ಗಂಡನೂ ಹೋದರು. ಬೋರಿನ ನೀರು ಮಾತ್ರ ಹಾಗೇ ಇದೆ.

ನನಗೆ ಇಬ್ಬರು ಮಕ್ಕಳು. ದೊಡ್ಡವಳು ಗಿರಿಜ, ಚಿಕ್ಕವನು ವೀರೇಶ. ವೀರೇಶ ನಟ್ಟು ಬೋಲ್ಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಗಿರಿಜ ಗಂಡನ ಮನೆಯಿಂದ ಒಂದು ಮಧ್ಯಾಹ್ನ ಒಂದು ಬ್ಯಾಗು ಹಿಡಿದು ವಾಪಸು ಬಂದಳು. ಊಟ ಮಾಡಿದಳು, ತಟ್ಟೆ ತೊಳೆದಿಟ್ಟಳು, ಮಲಗಿದಳು. ಅವತ್ತಿನಿಂದ ಅವಳ ಮಾತು ಬೇಸಿಗೆಯ ಬಾವಿಯ ಹಾಗೆ ದಿನಕ್ಕಿಷ್ಟು ಅಂತ ಇಳಿದು, ಆರು ತಿಂಗಳಿಗೆ ಪೂರಾ ತಳ ಕಂಡಿತು. ಯಾಕೆ ಅಂತ ನನ್ನನ್ನು ಕೇಳಬೇಡಿ. ಆ ಮನೆಯವರನ್ನು ಕೇಳಿದರೆ ಅವರು, "ನಿಮ್ಮ ಮಗಳನ್ನೇ ಕೇಳ್ರಿ" ಅಂದರು. ಮಗಳನ್ನು ಕೇಳಿದರೆ ಅವಳು ಗೋಡೆ ನೋಡಿದಳು. ಡಾಕ್ಟರ ಹತ್ತಿರ ಹೋದೆವು, ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು. ಊಟ ಸೇರಿತು. ಮಾತು ಬರಲಿಲ್ಲ.

ಇಂಥವರನ್ನು ನಮ್ಮ ಕಡೆಯವರು ಗಾಳಿ ಬಿಡಿಸಲು ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗುತ್ತಾರೆ. ಅಮಾವಾಸ್ಯೆಗೆ ಹೋಗಿ ಹೊಳೆಯಲ್ಲಿ ಮುಳುಗಿ, ಕರಿಬಸವೇಶ್ವರಸ್ವಾಮಿಯ ಗದ್ದುಗೆಗೆ ಕೈಮುಗಿದು ಬರುವುದು. ನಾವೂ ಹೊರಟೆವು. ಮಾತ್ರೆ ಬಿಡಲಿಲ್ಲ, ದೇವರನ್ನೂ ಬಿಡಲಿಲ್ಲ. ಆದರೆ ಬಸ್ಸಿನಲ್ಲಿ ಗದ್ದಲವಾದರೆ ಗಿರಿಜ ನಡುದಾರಿಯಲ್ಲೇ ಎದ್ದು ಇಳಿದುಬಿಡುತ್ತಿದ್ದಳು. ಎರಡು ಸಲ ಹಾಗಾದ ಮೇಲೆ ವೀರೇಶ ಯಾರೋ ಮಾರಿದ ಹಳೇ ಡೀಸೆಲ್ ಕಾರೊಂದನ್ನು ತಂದು ಬಾಗಿಲಿಗೆ ನಿಲ್ಲಿಸಿದ. ಅಕ್ಕನಿಗೋಸ್ಕರ ತಂದದ್ದು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಓಣಿಯವರೆಲ್ಲ, "ಏನ್ರಿ ವೀರೇಶಪ್ಪ, ಸಾಹುಕಾರ ಆಗ್ಬಿಟ್ರಿ" ಅಂದರೆ ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ನಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವ ರೋಗ ಗಿರಿಜಳಿಗೊಬ್ಬಳಿಗೇ ಇತ್ತು ಅಂತ ನೀವು ತಿಳಿಯಬಾರದು.

ಆ ಕಾರಿಗೂ ನಾವು ಬೋರಿನ ನೀರನ್ನೇ ಕುಡಿಸಿದೆವು. ಮನೆಮಂದಿಯೆಲ್ಲ ಅದನ್ನೇ ಕುಡಿದು ಬದುಕಿದ್ದೇವೆ, ಕಾರಿಗೇನು ಧಾಡಿ ಅಂತ. ಬೆಳಿಗ್ಗೆ ತುಳಸಿಗೆ ಒಂದು ಚೊಂಬು ಹಾಕಿದ ಮೇಲೆ ರೇಡಿಯೇಟರಿಗೂ ಒಂದು ಚೊಂಬು ನಾನೇ ಹಾಕುತ್ತಿದ್ದೆ.

ಮೊದಲ ಅಮಾವಾಸ್ಯೆಗೆ ಹರಿಹರ ದಾಟಿ, ಗದ್ದೆ ಬಯಲಿಗೆ ಬಿದ್ದು, ನಾಲೆಯ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಕಾರಿನ ಮೂಗಿನಿಂದ ಹೊಗೆ ಬಂತು. ವೀರೇಶ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ನಿಂತದ್ದು ಹುಣಸೆಮರದ ಕೆಳಗೆ. ಉಕ್ಕಡಗಾತ್ರಿಗೆ ಹೊರಟವರು ಯಾರೂ ಆ ಮರದ ಕೆಳಗೆ ನಿಲ್ಲುವುದಿಲ್ಲ. ಹುಣಸೆಮರದಲ್ಲಿ ಏನೇನು ಇರುತ್ತದೆ ಅಂತ ನಿಮಗೂ ಗೊತ್ತು. ಆದರೆ ಕುದಿಯುವ ಇಂಜಿನ್ನಿಗೆ ಮರದ ಜಾತಿ ಕೇಳುವ ಪುರುಸೊತ್ತು ಎಲ್ಲಿರುತ್ತದೆ.

"ಮುಚ್ಚಳ ಯಾರೂ ಮುಟ್ಟಬ್ಯಾಡ್ರಿ. ಕೈ ಸುಟ್ಟೋಗ್ತಾವೆ. ತಣ್ಣಗಾಗಬೇಕು, ಅರ್ಧ ತಾಸು ಬೇಕು" ಅಂತ ವೀರೇಶ ಬಾನೆಟ್ ಎತ್ತಿ ಕೋಲು ಕೊಟ್ಟು, ಕ್ಯಾನ್ ಹಿಡಿದು ನಾಲೆಯ ಕಡೆ ಹೋದ. ಮೆಟ್ಟಿಲಿರುವ ಕಡೆ ಇಳಿಯಬೇಕು, ದೂರ. ನಾನು ಟವೆಲ್ ಹಾಸಿ ಮಂಡಕ್ಕಿಯ ಗಂಟು ಬಿಚ್ಚಿದೆ. ಗಿರಿಜ ಒಂದು ಮುಕ್ಕು ಬಾಯಿಗೆ ಹಾಕಿಕೊಂಡಳು. ಗದ್ದೆಯಲ್ಲಿ ಕೊಕ್ಕರೆ ನಿಂತಿದ್ದವು. ಕಾರು ಉಸ್ ಉಸ್ ಅನ್ನುತ್ತಿತ್ತು.

"ಉಪ್ಪು ಕಮ್ಮಿ ಆಗೈತೆ" ಅಂದಳು.

ಒಂದೂವರೆ ವರ್ಷದ ಮೇಲೆ ನನ್ನ ಮಗಳು ಆಡಿದ ಮೊದಲ ಮಾತು ಅದು. ಬೇರೆ ತಾಯಂದಿರಾದರೆ ಅಪ್ಪಿಕೊಂಡು ಅಳುತ್ತಿದ್ದರೇನೋ. ನಾನು, "ಮನೇಲಿ ರುಚಿ ನೋಡಬೇಕಿತ್ತು, ಇಲ್ಲಿ ಎಲ್ಲಿಂದ ತರಾನ?" ಅಂದೆ. ನನ್ನ ಬಾಯಿಯೇ ಹಾಗೆ. ಅವಳು ನಕ್ಕ ಹಾಗೆ ಕಂಡಿತು. ವೀರೇಶ ನೀರು ತಂದ, ಹೊರಟೆವು, ಅವಳ ಬಾಯಿ ಮುಚ್ಚಿತು.

ಮುಂದಿನ ಅಮಾವಾಸ್ಯೆಗೂ ಕಾರು ಅಲ್ಲೇ ಕುದಿಯಿತು. "ಅವ್ವ, ನಿನ್ನ ಕೂದಲು ಪೂರಾ ಬೆಳ್ಳಗಾಗ್ಯಾವೆ" ಅಂದಳು. ಅದರ ಮುಂದಿನದ್ದಕ್ಕೆ ಕೊಕ್ಕರೆಗಳ ಬಗ್ಗೆ ಏನೋ ಅಂದಳು, ತಾನು ಸಣ್ಣವಳಿದ್ದಾಗ ಅಜ್ಜಿಯ ಮನೆಯ ಮಾಳಿಗೆಯಿಂದ ಹೊಳೆ ನೋಡುತ್ತಿದ್ದುದನ್ನು ಹೇಳಿದಳು. ಮನೆಯಲ್ಲಿ ಇಲ್ಲ, ದೇವಸ್ಥಾನದಲ್ಲಿ ಇಲ್ಲ, ಡಾಕ್ಟರ ಮುಂದೆ ಇಲ್ಲ. ಕಾರು ಕುದ್ದು ನಿಂತ ಜಾಗದಲ್ಲಿ, ತಮ್ಮ ನೀರಿಗೆ ಹೋದ ಆ ಅರ್ಧ ತಾಸಿನಲ್ಲಿ ಮಾತ್ರ. ಯಾರೂ ಅವಳ ಮಾತಿಗೆ ಕಾಯುತ್ತಿರಲಿಲ್ಲವಲ್ಲ, ಎಲ್ಲರೂ ಇಂಜಿನ್ನಿಗೆ ಕಾಯುತ್ತಿದ್ದೆವು. ಅದಕ್ಕೇ ಇರಬೇಕು. ಇದು ನಾನು ಈಗ ಹೇಳುವ ಬುದ್ಧಿ, ಆಗ ಇರಲಿಲ್ಲ.

ನಾನು ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ವೀರೇಶನಿಗೂ. ಹೇಳಿದರೆ ಅವನು ಮುಂದಿನ ಸಲ ಅಲ್ಲೇ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಾನೆ, ಅವಳು ಮುಚ್ಚಿಕೊಳ್ಳುತ್ತಾಳೆ ಅಂತ ನನ್ನ ಲೆಕ್ಕ.

ನಾಲ್ಕನೇ ಅಮಾವಾಸ್ಯೆ. ಬಿಸಿಲು ಜೋರಿತ್ತು. ಗಿರಿಜ ಹುಣಸೆಯ ಬೇರಿನ ಮೇಲೆ ಕೂತು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು. ಸುಮಾರು ಹೊತ್ತು ಕೆದಕಿ, ತಲೆ ಎತ್ತದೆ ಹೇಳಿದಳು.

"ಅವ್ವ, ಆವತ್ತು ಆ ಮನೆಯಾಗೆ ಏನಾತು ಅಂದ್ರೆ..."

ಅಷ್ಟರಲ್ಲಿ ಸೇತುವೆಯ ಕಡೆಯಿಂದ ವೀರೇಶ ಬಂದೇಬಿಟ್ಟ. "ಹತ್ರಿ ಹತ್ರಿ, ಹೊತ್ತಾಗ್ತೈತೆ! ಯಾರೋ ಟ್ರ್ಯಾಕ್ಟರಿನವರು ಒಂದು ಕ್ಯಾನ್ ನೀರು ಕೊಟ್ರು, ನಾಲೆತನಕ ಹೋಗಾದೇ ತಪ್ಪಿತು." ಅವನಿಗೆ ಖುಷಿಯೋ ಖುಷಿ. ಆ ಟ್ರ್ಯಾಕ್ಟರಿನವನನ್ನು ನಾನು ಇವತ್ತಿಗೂ ಬೈಯುತ್ತೇನೆ. ಪಾಪ, ಯಾರೋ ಏನೋ, ಒಳ್ಳೆಯದು ಮಾಡಿದವನು.

ಆ ಮಾತಿನ ಉಳಿದರ್ಧ ನನಗೆ ಬೇಕಾಗಿತ್ತು. ಮುಂದಿನ ಅಮಾವಾಸ್ಯೆಯವರೆಗೆ ನಾನು ಬೇರೇನನ್ನೂ ಯೋಚಿಸಲಿಲ್ಲ.

ಆದರೆ ವೀರೇಶ ಅಷ್ಟರಲ್ಲಿ ಕಾರನ್ನು ಮೆಕ್ಯಾನಿಕ್ ಖಾದರ್ ಸಾಬರ ಹತ್ತಿರ ಬಿಟ್ಟಿದ್ದ. ವಾಪಸು ತರಲು ನಾನೂ ಹೋದೆ. ಸಾಬರು ರೇಡಿಯೇಟರಿನಿಂದ ಬಿದ್ದ ಬಿಳಿ ಹಕ್ಕಳೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ನಮ್ಮ ಹಂಡೆಯದ್ದೇ ಹೊಪ್ಪಳೆ.

"ಅಮ್ಮಾ, ಇದ್ರ ಹೊಟ್ಟ್ಯಾಗೆ ಸುಣ್ಣದ ಗೂಡು ಕಟ್ಟೀರಿ ನೀವು. ಬೋರಿನ ನೀರು ಹಾಕ್ತಾರೇನ್ರಿ ಯಾರಾದ್ರೂ?"

"ನಾವು ಕುಡೀತೀವಲ್ರಿ ಸಾಬ್ರೆ."

"ನೀವು ಗಟ್ಟಿ. ಇದು ನಾಜೂಕು." ಅವರು ಹಸಿರು ಕ್ಯಾನ್ ಎತ್ತಿದರು. "ಅರ್ಧ ಇದು, ಅರ್ಧ ಬ್ಯಾಟರಿ ನೀರು. ಮೊದ್ಲೇ ಬಕೀಟಿನಾಗೆ ಬೆರೆಸಿ ಹಾಕ್ಬೇಕು. ನಲ್ಲಿ ನೀರು, ಬೋರಿನ ನೀರು ಒಂದು ತೊಟ್ಟೂ ಬ್ಯಾಡ. ಬ್ಯಾರೆ ಬಣ್ಣದ್ದು ತಂದು ಇದ್ರ ಜೊತಿ ಕಲಸಬ್ಯಾಡ್ರಿ, ಒಳಗೆ ಅಂಬಲಿ ಆಗ್ತೈತೆ. ಬಾಯಿಗೆ ಸಿಹಿ, ಹೊಟ್ಟಿಗೆ ವಿಷ, ಮುಚ್ಚಿ ಇಡ್ರಿ."

ವೀರೇಶನ ಮಗಳು ಕಾವ್ಯ ವಿದ್ಯಾನಗರದ ಕಾಲೇಜಿಗೆ ಹೋಗುತ್ತಾಳೆ. ಸಾಬರ ಹತ್ತಿರದಿಂದ ಮನೆಗೆ ತಂದ ಖಾಲಿ ಕ್ಯಾನಿನ ಮೇಲಿನದ್ದನ್ನು ಓದಿ ನಕ್ಕಳು. "ಅಜ್ಜಿ, ಇದು ಆಂಟಿಫ್ರೀಜ್ ಅಂತೆ. ನೀರು ಹಿಮಗಡ್ಡೆ ಆಗದಂಗೆ ತಡೀತೈತಂತೆ."

"ದಾವಣಗೆರೆಯಾಗೆ ಹಿಮಗಡ್ಡೆ ನೋಡಬೇಕಂದ್ರೆ ಫ್ರಿಜ್ಜಿನ ಬಾಗಿಲು ತೆಗೀಬೇಕು" ಅಂದೆ.

"ಕುದಿಯಾದನ್ನೂ ತಡೀತೈತೆ ಕಣಜ್ಜಿ. ಇನ್ನು ಮ್ಯಾಲೆ ನಮ್ಮ ಕಾರು ಕುದಿಯಾದೇ ಇಲ್ಲ."

ನಾನು ಆ ಕ್ಯಾನನ್ನು ಅವಳ ಕೈಯಿಂದ ಕಿತ್ತುಕೊಂಡು ಮೂಲೆಗೆ ಇಟ್ಟೆ.

ಹಾಗೇ ಆಯಿತು. ಐದನೇ ಅಮಾವಾಸ್ಯೆಗೆ ಕಾರು ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಸೇತುವೆ ದಾಟಿತು. ಹುಣಸೆಮರ ಬಂತು, ಹೋಯಿತು. ಗಿರಿಜ ಕತ್ತು ತಿರುಗಿಸಿ ಮರವನ್ನು ನೋಡಿದಳು. ನಾನು, "ಲೇ ವೀರೇಶ, ನಿಲ್ಲಿಸೋ" ಅಂದೆ.

"ಯಾಕವ್ವ?"

"ಸೊಂಟ ನೋಯ್ತೈತೆ."

ನಿಲ್ಲಿಸಿದ. ಹಿಂದಕ್ಕೆ ನಡೆದುಕೊಂಡು ಹೋಗಿ ಅದೇ ಬೇರಿನ ಮೇಲೆ ಕೂತೆವು. ಆದರೆ ವೀರೇಶ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದ. ಬಾನೆಟ್ ಮುಚ್ಚಿತ್ತು, ಹೊಗೆ ಇಲ್ಲ, ಕಾಯಲಿಕ್ಕೆ ಕಾರಣ ಇಲ್ಲ. ಗಿರಿಜ ನನ್ನ ಮುಖ ನೋಡಿದಳು, ನಾನು ಅವಳ ಬಾಯಿ ನೋಡಿದೆ. ನಾನು ಅವಳ ಮಾತಿಗೇ ಕಾಯುತ್ತಿದ್ದೇನೆ ಅಂತ ಅವಳಿಗೆ ತಿಳಿಯಿತು. ಎದ್ದು ಹೋಗಿ ಕಾರಿನಲ್ಲಿ ಕೂತಳು.

ಅವತ್ತು ಮನೆಗೆ ಬಂದ ಮೇಲೆ ನಾನು ತೀರ್ಮಾನ ಮಾಡಿದೆ. ಕಾರು ಕುದಿಯಲೇಬೇಕು.

ರೇಡಿಯೇಟರಿನ ಕೆಳಗೆ ರೆಕ್ಕೆ ಇರುವ ಒಂದು ತಿರುಪು ಇದೆ. ಸಾಬರು ಅದನ್ನು ತಿರುಗಿಸಿ ನೀರು ಇಳಿಸುವುದನ್ನು ಕಣ್ಣಿಟ್ಟು ನೋಡಿದ್ದೆ. ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ, ವೀರೇಶ ಉಂಡು ಮಲಗಿದಾಗ, ಗೋಣಿಚೀಲ ಹಾಸಿ ನಾನು ಕಾರಿನ ಕೆಳಗೆ ತೂರಿದೆ. ಎಪ್ಪತ್ತು ವರ್ಷದ ಮುದುಕಿ, ಸೆರಗು ಬಿಗಿದು, ಅಂಗಾತ. ನೋಡಿದವರು ಏನಂದುಕೊಳ್ಳುತ್ತಿದ್ದರೋ. ಪಕ್ಕದ ಮನೆಯವಳು ನೋಡಿಯೂಬಿಟ್ಟಳು. "ಏನ್ರಿ ಅಮ್ಮಾರೆ, ಅಲ್ಲೇನ್ ಮಾಡಾಕತ್ತೀರಿ?" ಅಂದಳು. "ಬೆಕ್ಕು ಮರಿ ಹಾಕೈತೆ" ಅಂದೆ. "ಎಷ್ಟು?" ಅಂದಳು. "ನಾಕು" ಅಂದೆ. ಸುಳ್ಳು ಹೇಳಿದರೆ ಲೆಕ್ಕ ಸಮೇತ ಹೇಳಬೇಕು.

ಹಸಿರು ನೀರನ್ನು ಟಬ್ಬಿಗೆ ಇಳಿಸಿ, ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು ಅಟ್ಟಕ್ಕೆ ಇಟ್ಟೆ. ತಿರುಪು ವಾಪಸು ಬಿಗಿದೆ. ಮೇಲಿನಿಂದ ಬೋರಿನ ನೀರು ಚೊಂಬಿನಲ್ಲಿ ಹಾಕಿ ತುಂಬಿಸಿದೆ. ಅಷ್ಟೇ. ಮಜ್ಜಿಗೆ ತೆಳ್ಳಗೆ ಮಾಡಿದ ಹಾಗೆ. ನನ್ನ ಲೆಕ್ಕದಲ್ಲಿ ಕಾರು ಮೊದಲಿನ ಕಾರಾಗಿತ್ತು. ಸೇತುವೆಯ ಹತ್ತಿರ ಕುದಿಯುತ್ತದೆ, ಅರ್ಧ ತಾಸು ನಿಲ್ಲುತ್ತದೆ, ಆಮೇಲೆ ತಣ್ಣಗಾಗುತ್ತದೆ.

ಆ ತಿರುಪಿಗೆ ಒಂದು ಸಣ್ಣ ರಬ್ಬರ್ ಬಳೆ ಇರುತ್ತದಂತೆ. ಅದು ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ನನ್ನ ಬೆರಳಿನ ಬಿಗಿಯೂ ಸಾಲಲಿಲ್ಲ.

ಕಾರು ಸೇತುವೆಯ ತನಕ ಹೋಗಲೇ ಇಲ್ಲ. ಹರಿಹರದ ಊರೊಳಗೆ, ಬಸ್ಸು ಲಾರಿಗಳ ನಡುವೆ, ಒಂದು ಸಲ ಕಟಕಟ ಅಂದು ಸತ್ತಿತು. ಹಿಂದಿನಿಂದ ಹಾರನ್ನೋ ಹಾರನ್ನು. ನಾಲ್ಕು ಜನ ಬಂದು ತಳ್ಳಿದರು, ಹತ್ತು ಜನ ನೋಡಲು ಬಂದರು. ತವರಿನ ಕಡೆಯ ಒಬ್ಬಳು ಕಿಟಕಿಯಲ್ಲಿ ಮುಖ ತೂರಿಸಿ, "ಗಿರಿಜಾ ಅಲ್ಲೇನವ್ವ ಇದು? ಇನ್ನೂ ಮಾತಾಡಲ್ಲೇನು?" ಅಂದಳು. ಗಿರಿಜ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಸೀಟಿನ ಮೇಲೆ ಮುದುರಿದಳು. ಗೂಡ್ಸ್ ಗಾಡಿಗೆ ಹಗ್ಗ ಕಟ್ಟಿ ದಾವಣಗೆರೆಗೆ ಎಳೆದು ತರುವವರೆಗೂ ಆ ಕೈ ತೆಗೆಯಲಿಲ್ಲ.

ಸಾಬರು ಎರಡು ದಿನ ಬಿಚ್ಚಿ ನೋಡಿ ಹೇಳಿದರು. "ಇಂಜಿನ್ನಿನ ಹೆಡ್ಡು ಸೀಳೈತೆ. ಒಳಗೆ ಎಲ್ಲಾ ಕಚ್ಕಂಡೈತೆ. ಇದ್ರ ಆಸೆ ಬಿಡ್ರಿ."

ವೀರೇಶ ನಂಬಲಿಲ್ಲ. "ಬಿಸಿ ತೋರ್ಸೋ ಮುಳ್ಳು ಮ್ಯಾಲೆ ಏರಲೇ ಇಲ್ಲವಲ್ರಿ! ನೋಡ್ತಾನೇ ಇದ್ದೆ."

"ಆ ಮುಳ್ಳು ನೀರಿನ ಬಿಸಿ ನೋಡಿ ಏರ್ತೈತ್ರಿ. ನೀರೇ ಇಲ್ಲ ಅಂದ್ಮ್ಯಾಲೆ ಏನು ನೋಡಿ ಏರಬೇಕು?" ಅಂದರು. ಆಮೇಲೆ ತಿರುಪನ್ನು ಬೆರಳಲ್ಲಿ ಹಿಡಿದು, "ಇದನ್ನ ಯಾರೋ ಬಿಚ್ಚ್ಯಾರೆ" ಅಂದರು.

"ನಾನೇ" ಅಂದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಪ್ಪಿನ ಮಾತು, ಕೂದಲಿನ ಮಾತು, ಅರ್ಧಕ್ಕೆ ನಿಂತ ಮಾತು. ಸಾಬರು ಒಳಗೆ ಹೋಗಿ ಚಹಾ ತರಿಸಿದರು. ವೀರೇಶ ಅಲ್ಲಿದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟ. ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಅಕ್ಕ ಮಾತಾಡ್ತಿದ್ಲಾ?"

"ಹೂಂ."

"ನಂಗೆ ಹೇಳಬಾರದೇನವ್ವ? ಒಂದು ಮಾತು ಹೇಳಿದ್ರೆ ನಾನೇ ಒಂದು ತಾಸು ದೂರ ಹೋಗಿ ನಿಲ್ತಿದ್ದೆ."

ಮಗಳ ಬಾಯಿ ತೆರೆಸಲು ಇಡೀ ಇಂಜಿನ್ ಸುಟ್ಟೆ, ನನ್ನ ಬಾಯಿ ತೆರೆಯಲು ತೋಚಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟದ್ದಕ್ಕೆ ಹೀಗಾಯಿತು ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ವೀರೇಶ ಪಿಯುಸಿ ಓದಿದ್ದಾನೆ, ಅವನು ಮಾತ್ರ ಯಾರಿಗೆ ಏನು ಹೇಳಿದ್ದ?

ಕಾರನ್ನು ಗುಜರಿಯವರು ಒಯ್ದರು. ಮತ್ತೆ ಎರಡು ಅಮಾವಾಸ್ಯೆ ಮನೆಯಲ್ಲೇ ಕಳೆದವು. ಮೂರನೆಯದಕ್ಕೆ ವೀರೇಶ ಗೆಳೆಯನೊಬ್ಬನ ಕಾರು ಕೇಳಿ ತಂದ. ಹೊಸದು, ಬೆಳ್ಳಗೆ ಹೊಳೆಯುವುದು. ಸೇತುವೆ ಇಳಿದು ಮರದ ಕೆಳಗೆ ನಿಲ್ಲಿಸಿ, "ಯಾಕೋ ಬಿಸಿ ಆದಂಗೈತೆ" ಅಂದ. ಇಳಿದು ಬಾನೆಟ್ ಎತ್ತಿ ಕೋಲು ಕೊಟ್ಟ. ಡಿಕ್ಕಿಯಿಂದ ಖಾಲಿ ಕ್ಯಾನ್ ತೆಗೆದ. ನನ್ನ ಕಡೆ ನೋಡದೆ, ನಾಲೆಯ ಮೆಟ್ಟಿಲಿನ ಕಡೆಗೆ ಹೊರಟ.

ಗಿರಿಜ ಇಳಿಯಲಿಲ್ಲ. ಇಬ್ಬರೂ ಒಳಗೇ ಕೂತಿದ್ದೆವು. ಇಂಜಿನ್ನಿನಿಂದ ಸದ್ದೇ ಇಲ್ಲ. ನನಗೆ ಸುತ್ತಿ ಬಳಸಿ ಬರುವುದಿಲ್ಲ. ಕೇಳಿಬಿಟ್ಟೆ.

"ಗಿರಿಜಾ, ಆವತ್ತು ಏನಾತು ಅಂತ ಹೇಳಾಕ ಬಂದಿದ್ದೆಲ್ಲ. ಏನಾತು?"

ಅವಳು ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ, ದುಃಖವೂ ಇರಲಿಲ್ಲ. ಯಾರೋ ದಾರಿ ಕೇಳಿದರೆ, ನಾನು ಈ ಊರಿನವಳಲ್ಲ ಅಂತ ಹೇಳುವಾಗ ಇರುತ್ತದಲ್ಲ, ಅಂಥ ಮುಖ.

"ಮರ್ತೋತವ್ವ" ಅಂದಳು.

ಆಮೇಲೆ ಬಾಗಿಲು ತೆಗೆದು ಇಳಿದಳು. ಮುಂದಕ್ಕೆ ಹೋಗಿ, ಕೋಲು ತೆಗೆದು ಮಲಗಿಸಿ, ಎರಡೂ ಕೈಯಿಂದ ಬಾನೆಟ್ಟನ್ನು ಇಳಿಸಿ ಒತ್ತಿದಳು. ಬಂದು ತನ್ನ ಜಾಗದಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ನಾನು ಗಾಜಿನಿಂದ ಹೊರಗೆ ನೋಡಿದೆ. ನಾಲೆಯ ಏರಿಯ ಮೇಲೆ ವೀರೇಶ ತುಂಬಿದ ಕ್ಯಾನ್ ಹೊತ್ತು ವಾಪಸು ಬರುತ್ತಿದ್ದ. ನಾಲ್ಕು ಹೆಜ್ಜೆ ಇಡುತ್ತಿದ್ದ, ಕ್ಯಾನ್ ಕೆಳಗಿಟ್ಟು ನಿಲ್ಲುತ್ತಿದ್ದ, ಗದ್ದೆಯ ಕಡೆ ನೋಡುತ್ತಿದ್ದ, ಮತ್ತೆ ನಾಲ್ಕು ಹೆಜ್ಜೆ. ನಮಗೆ ಇನ್ನಷ್ಟು ಹೊತ್ತು ಸಿಗಲಿ ಅಂತ.